ಯಾರಿಗೂ ಇಲ್ಲವೆನ್ನದ ಸ್ವಿಚ್ಚು

ಆಸ್ಪತ್ರೆಯ ತಂತಿಗಳೆಲ್ಲ ಬಂದು ಸೇರುವ, ಬಂದ ಸಂದೇಶವನ್ನು ಮುಟ್ಟಬೇಕಾದಲ್ಲಿಗೆ ಕಳಿಸುವ ನೆಟ್‌ವರ್ಕ್ ಸ್ವಿಚ್ಚಿಗೆ ತನ್ನ ಧಾರಾಳತನದ ಬಗ್ಗೆ ಬಲು ಹೆಮ್ಮೆ. ಒಂದು ದಿನ ಆಪರೇಷನ್ ಕೋಣೆಯ ಕ್ಯಾಮೆರಾ ಅದಕ್ಕೆ, "ಈ ದೃಶ್ಯ ಒಬ್ಬರಿಗಲ್ಲ, ಎಲ್ಲರಿಗೂ ಅಲ್ಲ, ಬೇಕೆಂದು ಹೆಸರು ಕೊಟ್ಟ ಗುಂಪಿಗೆ ಮಾತ್ರ" ಎಂದಿತು. ಗುಂಪಿನಲ್ಲಿ ಯಾರಿದ್ದಾರೆಂದು ವಿಚಾರಿಸಲು ಬೇಜಾರಾಗಿ, ಸ್ವಿಚ್ಚು ಅದನ್ನು ಎಲ್ಲ ತಂತಿಗಳಿಗೂ ಸುರಿದುಬಿಟ್ಟಿತು. ತಂತಿಗಳು ತುಂಬಿ ಕಟ್ಟಿಕೊಂಡವು; ಬೇರೆ ಸಂದೇಶಗಳಿಗೆ ದಾರಿಯೇ ಇಲ್ಲದಾಯಿತು.

ಸಂಜೆ ವಾರ್ಡಿನ ಕರೆಗಂಟೆ ಕೇಳಿತು: "ನಮ್ಮ ವಾರ್ಡಿನ ರೋಗಿ ದ್ಯಾವಮ್ಮಜ್ಜಿ ನೀರಿಗಾಗಿ ನನ್ನನ್ನು ಒತ್ತಿದರು. ನರ್ಸೊಬ್ಬರಿಗೆ ಮುಟ್ಟಬೇಕಾದ ಆ ಕರೆ ಎಲ್ಲಿ ಹೋಯಿತು ಸ್ವಾಮಿ? ಕಾದು ಸಾಕಾಗಿ ಅವರೇ ಎದ್ದರು, ಬಿದ್ದರು."

"ನಾನು ಯಾರಿಗೂ ಇಲ್ಲ ಅಂದವನಲ್ಲ!" ಎಂದಿತು ಸ್ವಿಚ್ಚು.

"ನನಗೆ ಇಲ್ಲ ಅಂದಿರಿ."

ಸ್ವಿಚ್ಚು ಆಗ ಒಂದೊಂದೇ ತಂತಿಯನ್ನು ಕೇಳಿತು: "ನಿನಗೆ ಆ ದೃಶ್ಯ ಬೇಕಿತ್ತೇ?" ಎರಡರ ಹೊರತು ಯಾವುದಕ್ಕೂ ಬೇಕಿರಲಿಲ್ಲ. ಸ್ವಿಚ್ಚಿನ ಮುಖದ ದೀಪಗಳು ಮಿನುಗುತ್ತಲೇ ಇದ್ದವು. ಮುಖ ಮುಚ್ಚಿಕೊಳ್ಳೋಣವೆಂದರೆ ಅದಕ್ಕೆ ಕೈಗಳಿರಲಿಲ್ಲ.