ಬಾಯಿಪಾಠದ ಉತ್ತರ

"ಗುರುಗಳೇ, ಬೇರೆ ಮಠಗಳಲ್ಲಿ ಸೇರಲು ಬಂದವನನ್ನು ನೀನು ಎಂಥವನು, ಸಿಟ್ಟು ಬರುತ್ತದೆಯೇ, ಆಸೆ ಇದೆಯೇ ಎಂದೆಲ್ಲ ಕೇಳಿ ಪರೀಕ್ಷಿಸುತ್ತಾರೆ. ನೀವು ನನ್ನನ್ನು ಒಂದು ಮಾತೂ ಕೇಳಲಿಲ್ಲ. ಕೊಡ ಕೊಟ್ಟು ನೀರು ತಾ ಎಂದಿರಿ, ಅಷ್ಟೇ. ಏಕೆ?" ಎಂದು ಶಿಷ್ಯ ಕೇಳಿದ.

ಗುರುಗಳು ಹೇಳತೊಡಗಿದರು.

ಒಬ್ಬ ಉಪ್ಪಿನ ವ್ಯಾಪಾರಿ ಇದ್ದ. ಕೆಲಸ ಕೇಳಿಕೊಂಡು ಬಂದವರಿಗೆ ಅವನು ಮೂರು ಪ್ರಶ್ನೆ ಹಾಕುತ್ತಿದ್ದ. ಸಿಟ್ಟು ಮಾಡುತ್ತೀಯಾ? ಹೇಳಿದ್ದನ್ನು ಮರೆಯುತ್ತೀಯಾ? ಎಂದಾದರೂ ಸುಳ್ಳು ಹೇಳಿದ್ದೀಯಾ? ಪ್ರಶ್ನೆಗಳು ಊರಿಗೆಲ್ಲ ಗೊತ್ತಿದ್ದವು. ಅವನಿಗೆ ಬೇಕಾದ ಉತ್ತರಗಳೂ ಗೊತ್ತಿದ್ದವು. ಹಾಗಾಗಿ ಅವನ ಬಾಗಿಲಿಗೆ ಬಂದವರೆಲ್ಲ ಸಂತರೇ!

ಒಂದು ದಿನ ಇಬ್ಬರು ಬಂದರು. ಮೊದಲನೆಯವನು ದಾರಿಯುದ್ದಕ್ಕೂ ಉತ್ತರಗಳನ್ನು ಬಾಯಿಪಾಠ ಮಾಡಿಕೊಂಡೇ ಬಂದಿದ್ದ. ಮೂರಕ್ಕೂ ಇಲ್ಲ ಎಂದ. ವ್ಯಾಪಾರಿ ಅವನಿಗೆ ಉಗ್ರಾಣದ ಬೀಗದ ಕೈ ಕೊಟ್ಟ. ಎರಡನೆಯವನು ಕೊನೆಯ ಪ್ರಶ್ನೆಗೆ ತಡವರಿಸಿದ. "ಹೇಳಿದ್ದೇನೆ ಧಣಿ. ಹೇಳಿ ಬಹಳ ನೊಂದಿದ್ದೇನೆ" ಎಂದ. ಅವನಿಗೆ ಮೂಟೆ ಹೊರುವ ಕೆಲಸ ಸಿಕ್ಕಿತು. ಮೂಟೆ ಹೊರುವುದಕ್ಕೆ ಸತ್ಯ ಬೇಕಿಲ್ಲವಲ್ಲ.

ಇಬ್ಬರಿಗೂ ಸ್ನೇಹವಾಯಿತು. ಮಧ್ಯಾಹ್ನ ಒಂದೇ ಬುತ್ತಿ ಬಿಚ್ಚಿ ಹಂಚಿಕೊಂಡು ಉಣ್ಣುತ್ತಿದ್ದರು.

ಒಂದು ಸಂಜೆ ಬೀಗದವನು ಉಗ್ರಾಣದ ಕಿಟಕಿ ಮುಚ್ಚಲು ಮರೆತ. ಮಳೆ ಬಂತು. ಬೆಳಿಗ್ಗೆ ನೋಡಿದರೆ ಅರ್ಧ ಉಪ್ಪು ನೀರಾಗಿ ಹೊಸ್ತಿಲು ದಾಟಿ ಹರಿದಿತ್ತು.

"ಕಿಟಕಿ ಮುಚ್ಚಿದ್ದೆಯಾ?" ಎಂದು ವ್ಯಾಪಾರಿ ಅವನನ್ನು ಕೇಳಿದ.

"ಮುಚ್ಚಿದ್ದೆ" ಎಂದ. ಮರೆಯುವವನಲ್ಲ ಎಂದು ಹೇಳಿಯೇ ಅಲ್ಲವೇ ಅವನು ಒಳಗೆ ಬಂದದ್ದು! ಈಗ ಬೇರೆ ಏನು ಹೇಳಿಯಾನು?

ವ್ಯಾಪಾರಿ ಮೂಟೆಯವನ ಕಡೆ ತಿರುಗಿದ. "ಹಾಗಾದರೆ ತೆಗೆದವನು ನೀನೇ."

"ಇಲ್ಲ ಧಣಿ, ನಾನು ಮುಟ್ಟಿಲ್ಲ."

"ಸುಳ್ಳು ಹೇಳಿದವನು ಎಂದು ಬಂದ ದಿನ ನೀನೇ ಒಪ್ಪಿಕೊಂಡಿದ್ದೆಯಲ್ಲ!"

ಮೂಟೆಯವನು ತಲೆಯ ಮೇಲಿನ ಬಟ್ಟೆಯ ಸಿಂಬಿ ತೆಗೆದು ಅಲ್ಲೇ ಇಟ್ಟ. ಗೆಳೆಯನ ಮುಖವನ್ನು ಒಮ್ಮೆ ನೋಡಿ ಹೊರಟುಹೋದ.

ಬೀಗದವನು ನಾಚಿಕೆಯಿಂದ ಹಿಡಿಯಷ್ಟಾದ. ಗೆಳೆಯನನ್ನು ಕೂಗಿ ಕರೆಯಬೇಕೆನಿಸಿತು. ಕರೆಯಲಿಲ್ಲ. ಅಂದಿನಿಂದ ವ್ಯಾಪಾರಿ ಬಂದವರಿಗೆಲ್ಲ ಬೀಗದವನನ್ನೇ ತೋರಿಸಿ, "ಇವನು ಹುಟ್ಟಿದಂದಿನಿಂದ ಸುಳ್ಳು ಹೇಳಿದವನಲ್ಲ" ಎಂದು ಹೊಗಳತೊಡಗಿದ. ಆ ಹೊಗಳಿಕೆಯನ್ನು ಕೇಳಲಾರದೆ ಅವನು ಒಂದು ದಿನ ಬೀಗದ ಕೈಯನ್ನು ಗೂಟಕ್ಕೆ ತೂಗುಹಾಕಿ ಊರು ಬಿಟ್ಟ.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

"ಆಮೇಲಾದರೂ ಅವನು ಯಾರ ಮುಂದಾದರೂ ನಿಜ ಹೇಳಿದನೇ?" ಎಂದು ಶಿಷ್ಯ ಕೇಳಿದ.

ಗುರುಗಳು ತಲೆ ತಗ್ಗಿಸಿದರು. "ಈಗ ನಿನ್ನ ಮುಂದೆ ಹೇಳಿದೆ."