ಬೀದಿಗೆ ಹಾಸಿದ ನೂಲು

"ಗುರುಗಳೇ, ನೂಲಿನ ಕಲೆ ಉಳಿಯಬೇಕಾದರೆ ಇನ್ನೇನು ಬೇಕು?" ಎಂದು ಶಿಷ್ಯ ಕೇಳಿದ. ನೇಯುವವರಿಗೂ ನೂಲಿನಲ್ಲಿ ಹೊಸದೇನನ್ನೋ ಮಾಡಹೊರಟವರಿಗೂ ಅವನೊಂದು ಕಲಾಕೇಂದ್ರ ಕಟ್ಟಿಸುವವನಿದ್ದ. ಕೈಯಲ್ಲಿ ಅದರ ನಕ್ಷೆ ಇತ್ತು. ಮಗ್ಗದ ಮನೆ, ಬಣ್ಣದ ಮನೆ, ಗ್ರಂಥಾಲಯ, ಪ್ರದರ್ಶನಕ್ಕೊಂದು ಹಜಾರ, ಎಲ್ಲ ಇದ್ದವು. ಊರವರ ಕಾಟ ತಪ್ಪಲೆಂದು ಸುತ್ತಲೂ ಎರಡಾಳೆತ್ತರದ ಗೋಡೆ.

ಗುರುಗಳು ನಕ್ಷೆಯನ್ನು ತೆಗೆದುಕೊಂಡು ನೋಡಿದರು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಕಂಬಳಿ ನೇಕಾರನಿದ್ದ. ಅವನ ಕೆಲಸ ಕಂಡು ಮರುಳಾದ ಒಬ್ಬ ವರ್ತಕ ತನ್ನ ಪಟ್ಟಣದಲ್ಲಿ ಅವನಿಗಾಗಿ ಒಂದು ಮಗ್ಗದ ಮನೆ ಕಟ್ಟಿಸಿದ. ಕರೆದುಕೊಂಡು ಹೋಗಲು ತಾನೇ ಬಂದ.

"ಇವತ್ತು ಗಂಜಿ ಹಾಕೋ ದಿನ. ಕೂತ್ಕಳಿ, ಆಮೇಲೆ ಮಾತಾಡಾನ" ಎಂದ ನೇಕಾರ.

ಕಂಬಳಿಯ ಹಾಸುನೂಲಿಗೆ ಹುಣಸೆಬೀಜದ ಗಂಜಿ ಬಳಿದು, ಉದ್ದಕ್ಕೆ ಎಳೆದು ಗೂಟಕ್ಕೆ ಕಟ್ಟಿ ಒಣಗಿಸಬೇಕು. ನಲವತ್ತು ಮೊಳದ ನೂಲಿಗೆ ಯಾರ ಮನೆಯೂ ಸಾಲದು. ಆ ಊರಿನಲ್ಲಿ ಬೀದಿಯೇ ಅದಕ್ಕೆ ಜಾಗ. ಈ ಜಗುಲಿಯಿಂದ ಆ ಜಗುಲಿಗೆ ಅಡ್ಡಕೋಲುಗಳನ್ನಿಟ್ಟು ಅವುಗಳ ಮೇಲೆ ಬೀದಿಯುದ್ದಕ್ಕೂ ನೂಲು ಹಾಸುತ್ತಿದ್ದರು. ಒಣಗುವವರೆಗೆ ಊರವರು ಅದರಡಿ ಬಗ್ಗಿಯೇ ದಾಟಬೇಕು. ಹಸಿ ನೂಲನ್ನು ಮಡಚಿದರೆ ಒಂದಕ್ಕೊಂದು ಅಂಟಿ ಹಾಳಾಗುತ್ತದೆ. ಅಂದಿನ ನೂಲು ನೇಕಾರನ ತಾಯಿ ಸಾಯುವ ಮುಂಚೆ ನೂತಿಟ್ಟದ್ದು. ಅದು ಹೋದರೆ ಹೋಯಿತು.

ಗಂಜಿ ಬಳಿದು ಮುಗಿಯುವಷ್ಟರಲ್ಲಿ ಬೀದಿಯ ಬಾಯಿಗೆ ಒಂದು ಬಂಡಿ ಬಂತು. ಒಳಗೆ ಹೆರಿಗೆ ನೋವಿನ ಹೆಂಗಸು. ಮಗು ಅಡ್ಡ ತಿರುಗಿತ್ತು. ಹೊಳೆಯಾಚೆಯ ವೈದ್ಯರ ಬಳಿಗೆ ಆ ಬೀದಿಯೊಂದೇ ಬಂಡಿದಾರಿ.

ನೇಕಾರ ಬಂಡಿಯನ್ನು ನೋಡಿದ. ನೂಲನ್ನು ನೋಡಿದ. ಒಳಗೆ ಹೋಗಿ ಕುಡುಗೋಲು ತಂದ. ನೂಲು ಕತ್ತರಿಸಿ ದಾರಿ ಬಿಡಲು ಬಗ್ಗಿದ.

"ಕುಡುಗೋಲು ಕೆಳಗಿಡೋ, ಎಲ್ಲಾರೂ ಸೇರಿ ನೂಲು ಎತ್ತಾನ!" ಎಂದು ಎದುರು ಮನೆಯ ಗಾಣಿಗ ಎಣ್ಣೆಗೈ ಒರೆಸಿಕೊಳ್ಳುತ್ತ ಓಡಿಬಂದ.

ಬಾಗಿಲುಗಳು ತೆರೆದವು. ಮಡಕೆ ಮಾಡುವವನು, ಬಳೆ ಮಾರುವವಳು, ಕೆಲಸವಿಲ್ಲದೆ ಹರಟೆ ಹೊಡೆಯುತ್ತಿದ್ದವರು, ಎಲ್ಲರೂ ಎರಡೂ ಕಡೆಯ ಜಗುಲಿ ಹತ್ತಿದರು. ಅವರಲ್ಲಿ ಒಬ್ಬರೂ ನೇಯ್ದವರಲ್ಲ. ಆದರೂ ಯಾರೂ ನೂಲು ಮುಟ್ಟಲಿಲ್ಲ, ಕೋಲಿನ ತುದಿಗಳನ್ನಷ್ಟೇ ಹಿಡಿದರು. ಒಂದು ತುದಿಗೆ ಆಳಿರಲಿಲ್ಲ. ಬಳೆಗಾರ್ತಿ ವರ್ತಕನತ್ತ ತಿರುಗಿ ಗದರಿದಳು: "ಏನ್ ಕಣ್ ಬಿಟ್ಕಂಡ್ ನಿಂತಿದ್ದೀ ಸಾವ್ಕಾರ, ಹಿಡಿ!"

ವರ್ತಕ ಹಿಡಿದ. ನೇಕಾರ ಗೂಟದ ಹಗ್ಗ ಬಿಚ್ಚಿದ. ನಲವತ್ತು ಮೊಳದ ಹಸಿ ನೂಲು ಒಮ್ಮೆಗೇ ಮೇಲೆದ್ದಿತು. ಎತ್ತುಗಳನ್ನು ಬಿಚ್ಚಿ, ಬಂಡಿಯ ಕಮಾನು ಕಳಚಿ, ನಾಲ್ವರು ನೂಲಿನಡಿಯಲ್ಲಿ ಬಂಡಿ ಎಳೆದರು. ಮಲಗಿದ್ದ ಹೆಂಗಸು ಆ ನೋವಿನಲ್ಲೂ ಕಣ್ಣು ತೆರೆದು ಮೇಲೆ ನೋಡಿದಳು. ಚಕ್ರದ ಸದ್ದು ಬಿಟ್ಟರೆ ಬೀದಿಯಲ್ಲಿ ಉಸಿರಿನ ಸದ್ದೂ ಇರಲಿಲ್ಲ. ವರ್ತಕ ಎಷ್ಟೋ ಪುಣ್ಯಕ್ಷೇತ್ರಗಳನ್ನು ಸುತ್ತಿದ್ದವನು, ಆದರೆ ಕೈ ಮುಗಿಯಬೇಕೆಂದು ಅವನಿಗೆ ನಿಜವಾಗಿ ಅನ್ನಿಸಿದ್ದು ಅಂದೇ. ಕೈಗಳು ಮಾತ್ರ ಬಿಡುವಾಗಿರಲಿಲ್ಲ.

ಬಂಡಿ ಹೊಳೆಯ ದಾರಿ ಹಿಡಿಯಿತು. ನೂಲು ಮೆಲ್ಲಗೆ ಕೆಳಗಿಳಿಯಿತು. ಏಳು ಎಳೆ ಹರಿದಿದ್ದವು. ನೇಕಾರ ಅಳುತ್ತಲೇ ಗಂಟು ಹಾಕಿದ. ಸಂಜೆಗೆ ತಾಯಿ ಮಗು ಇಬ್ಬರೂ ಉಳಿದರೆಂದು ಸುದ್ದಿ ಬಂತು.

"ಇವರಿಗೆಲ್ಲ ಹೀಗೆ ಹಿಡಿಯೋದನ್ನ ಯಾರು ಕಲಿಸಿದ್ರು?" ಎಂದು ವರ್ತಕ ಕೇಳಿದ.

"ಯಾರೂ ಕಲಿಸಿಲ್ಲ ಸಾಮಿ. ಹುಟ್ಟಿದಾಗಿಂದ ಇದನ್ನ ಬೈಕಂಡೇ ದಾಟ್ತಾ ಬಂದವ್ರೆ" ಎಂದ ನೇಕಾರ.

ಗುರುಗಳು ನಕ್ಷೆಯನ್ನು ಶಿಷ್ಯನ ಕೈಗೆ ಮರಳಿ ಕೊಟ್ಟು ಕೇಳಿದರು:

"ಎಲ್ಲ ಸರಿಯಾಗಿದೆ ಮಗು, ಈ ಗೋಡೆಯೊಳಗೆ ಕೋಲಿನ ತುದಿ ಹಿಡಿಯುವವರು ಯಾರು?"