ದಿನಾ ಅತ್ತ ಇನಾಸ

ನಕ್ಕರೆ ಹಲ್ಲು ಉದುರುವುದಿಲ್ಲ, ಕೇಳಿ. ಕಾನ್ವೆಂಟಿನ ಅಡುಗೆಮನೆಯಲ್ಲಿ ಸೆರಫಿನಾ ಬಾಯಿ ಎಂಬ ವಿಧವೆ ಇದ್ದಳು. ಒಬ್ಬನೇ ಮಗ, ಇನಾಸ. ಎತ್ತರ ಆರಡಿ, ಬುದ್ಧಿ ಒಂದಂಗುಲ. "ನಾನು ಕಣ್ಣು ಮುಚ್ಚುವ ಮೊದಲು ಇವನಿಗೊಬ್ಬಳು ಜಾಣೆ ಸಿಗಲಿ ದೇವರೇ!" ಎನ್ನುವುದೇ ಅವಳ ಪ್ರಾರ್ಥನೆ.

ಒಂದು ಸೋಮವಾರ ಅಮ್ಮ ಹೇಳಿದಳು, "ಕೋಳಿಗಳಿಗೆ ಕಾಳು ಹಾಕು." ಹಾಕಿದ. ಮಂಗಳವಾರ ಹಾಕಲಿಲ್ಲ. ಬುಧವಾರವೂ ಇಲ್ಲ. ಗುರುವಾರ ಕೋಳಿಗಳು ಅವನ ಕಾಲ್ಬೆರಳನ್ನೇ ಕುಕ್ಕಿದವು.

"ಎಂತದಾ ಇದು?"

"ಸೋಮವಾರ ಹಾಕಿದೆನಲ್ಲಮ್ಮ!"

"ಮಂಡೆ ಇಲ್ಲವಾ ನಿನಗೆ! ನಮ್ಮ ಸಿಸ್ಟರ್ ಸ್ಪ್ಯಾನಿಷ್ ಕಲಿಸುವುದು ಒಲೆಯ ಮುಂದೆ ನಿಂತರೂ ಕೇಳುತ್ತದೆ. ಆ ಭಾಷೆಯಲ್ಲಿ ಒಮ್ಮೆ ಆಗಿ ಮುಗಿದದ್ದಕ್ಕೆ ಒಂದು ಭೂತಕಾಲ, ದಿನಾ ಆಗುತ್ತಿದ್ದದ್ದಕ್ಕೆ ಇನ್ನೊಂದು. ನೀನು ದಿನಾ ಮಾಡುವವನಾಗು!"

"ಆಯಿತಮ್ಮ, ದಿನಾ!"

ಅದೇ ವಾರ ನೆರೆಮನೆಯ ಕಾಯ್ತಾನ ಪರ್ಬುವಿನ ತಾಯಿ ತೀರಿಕೊಂಡರು. "ಹೋಗಿ ನಾಲ್ಕು ಹನಿ ಅತ್ತು ಬಾ" ಎಂದಳು ಅಮ್ಮ. ಹೋದ, ಅತ್ತ. ಮರುದಿನ ಹೋದ, ಅತ್ತ. ಹನ್ನೊಂದು ದಿನ, ಬೆಳಗ್ಗೆ ಏಳಕ್ಕೆ ಸರಿಯಾಗಿ, "ಅಯ್ಯೋ ಅಜ್ಜೀ!"

ಕಾಯ್ತಾನ ಕೈಮುಗಿದ. "ಮಾರಾಯ, ನನ್ನ ಅಮ್ಮ ಸತ್ತದ್ದು ಒಂದೇ ಸಲ!"

ಒಳಗಿನಿಂದ ಮಗಳು ಸಬೀನಾ ಬಂದಳು. "ಬೈಯಬೇಡಿ ಅಪ್ಪ. ಅಜ್ಜಿಗಾಗಿ ನೀವು ಅತ್ತದ್ದು ಮೂರೇ ದಿನ. ನಾನು ಮದುವೆಯಾದರೆ ಇವರನ್ನೇ."

ಸೆರಫಿನಾ ಬಾಯಿಗೆ ಸ್ವರ್ಗವೇ ಸಿಕ್ಕಿತು. ಆದರೂ ಮಗನ ಕಿವಿ ಹಿಂಡಿದಳು. "ಸಾವಿಗೆ ದಿನಾ ಅಳುತ್ತಾರೇನೋ ಪೆದ್ದ! ಒಮ್ಮೆ ಆದದ್ದು ಆಯಿತು, ಮುಗಿಯಿತು ಎಂದು ಎದ್ದು ಬರಬೇಕು!"

"ಆಯಿತಮ್ಮ, ಎದ್ದು ಬರಬೇಕು!"

ಮದುವೆಯ ದಿನ ಬಂತು. ಇನಾಸ ಉಂಗುರ ತೊಡಿಸಿದ. ಪಾದ್ರಿಗಳು ಆಶೀರ್ವದಿಸಿದರು. ಕೂಡಲೇ ಇನಾಸ ತಿರುಗಿದ, ಇಗರ್ಜಿಯಿಂದ ಹೊರಬಿದ್ದ, ಒಬ್ಬನೇ ಮನೆಗೆ ಬಂದು ಗಂಜಿಗೆ ಕುಳಿತ. ಹಿಂದೆಯೇ ಅಮ್ಮ ಏದುಸಿರು ಬಿಡುತ್ತಾ ಓಡಿ ಬಂದಳು.

"ಹೆಂಡತಿಯನ್ನು ಬಿಟ್ಟು ಬಂದೆಯಲ್ಲೋ!"

"ಮದುವೆ ಆಯಿತಲ್ಲಮ್ಮ, ಮುಗಿಯಿತು!"

ಬಾಗಿಲಲ್ಲಿ ಮಗಳ ಕೈ ಹಿಡಿದು ನಿಂತ ಕಾಯ್ತಾನ ಗುಡುಗಿದ. "ನಡಿ ಸಬೀನಾ ಮನೆಗೆ! ಈ ಸಂಬಂಧವೇ ಬೇಡ!"

ಅಮ್ಮ ತಲೆ ಚಚ್ಚಿಕೊಂಡಳು. "ಮದುವೆ ಎಂದರೆ ದಿನಾ ಮಾರಾಯ, ದಿನಾ!"

ಸಬೀನಾ ಅಪ್ಪನ ಕೈ ಬಿಡಿಸಿಕೊಂಡು ಒಳಗೆ ಬಂದಳು, ಗಂಡನ ತಟ್ಟೆಗೆ ಉಪ್ಪಿನಕಾಯಿ ಬಡಿಸಿದಳು.

ಮರುದಿನ ಬೆಳಗ್ಗೆ ಏಳಕ್ಕೆ ಸರಿಯಾಗಿ ಪಾದ್ರಿಗಳ ಬಾಗಿಲು ದಬದಬ. ನೋಡಿದರೆ ಇನಾಸ! ಅದೇ ಕೋಟು, ಅದೇ ಉಂಗುರ. "ಫಾದರ್, ಮದುವೆ ಮಾಡಿಸಿ!"

ಪಕ್ಕದಲ್ಲಿ ನಿನ್ನೆಯ ಸೀರೆಯಲ್ಲೇ ಸಬೀನಾ, ನಗು ತಡೆಯುತ್ತಾ. "ಮಾಡಿಸಿ ಫಾದರ್. ನಾಳೆ ಬೇಕಾದರೆ ಸ್ವಲ್ಪ ತಡವಾಗಿ ಬರುತ್ತೇವೆ."